ಗಡಿ ಹತ್ತೊಂಬತ್ತು ಮೈಲಿ ಆಚೆ ಹೋದ ದಿನ

ಹನ್ನೊಂದು ಪಂಚಾಯ್ತಿಗಳನ್ನು ಸೇರಿಸಿ ಒಂದೇ ಒಂದು ದೊಡ್ಡ ಪಂಚಾಯ್ತಿ ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗ ನಮ್ಮ ಊರಿನಲ್ಲಿ ಎದ್ದ ಮೊದಲ ಪ್ರಶ್ನೆ ಹೊಸ ಕಚೇರಿ ಎಲ್ಲಿ ಬರುತ್ತದೆ ಎಂಬುದಲ್ಲ, ಅಧ್ಯಕ್ಷರು ಯಾವ ಊರಿನವರಾಗುತ್ತಾರೆ ಎಂಬುದೂ ಅಲ್ಲ. ‘ಹಂಗಾದ್ರೆ ಸುಳ್ಳು ಹೇಳೋಕೆ ನಾವೆಲ್ಲಿಗೆ ಹೋಗ್ಬೇಕು?’ ಎಂಬುದು. ಕೇಳಿದವಳು ನಾನೇ. ಬಾಯಿಬಿಟ್ಟು ಕೇಳಿದವಳು ನಾನೊಬ್ಬಳು ಅಷ್ಟೇ, ಮನಸ್ಸಿನಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಕೇಳಬಾರದ್ದನ್ನು ಕೇಳುವುದು ನನ್ನ ಹುಟ್ಟುಗುಣ. ಈ ಚೆನ್ನಾಜಮ್ಮನ ಬಾಯಿ ಹೊಲಿಯುವ ಸೂಜಿ ಇನ್ನೂ ತಯಾರಾಗಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಊರೊಳಗೇ ನಿಂತು ಹೇಳುತ್ತಿದ್ದರು, ಆದ್ದರಿಂದ ನಿಜವೇ ಇರಬೇಕು.

ನಮ್ಮ ಕಡೆ ಯಾರೂ ತಮ್ಮ ಪಂಚಾಯ್ತಿಯ ಗಡಿಯೊಳಗೆ ನಿಂತು ಸುಳ್ಳು ಹೇಳಲಾರರು. ಹೇಳಹೋದರೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಬಲಿಯದ ಬಾಳೆಕಾಯಿ ಕಚ್ಚಿದ ಹಾಗೆ ಬಾಯೆಲ್ಲ ಒಗರಾಗುತ್ತದೆ. ಗಡಿಕಲ್ಲು ದಾಟಿ ಒಂದು ಹೆಜ್ಜೆ ಆಚೆ ಇಟ್ಟರೆ ಮುಗಿಯಿತು, ಏನು ಬೇಕಾದರೂ ಹೇಳಬಹುದು. ನಮ್ಮ ಪಂಚಾಯ್ತಿ ಎಷ್ಟು ಚಿಕ್ಕದೆಂದರೆ ಒಲೆಯ ಮೇಲೆ ಹಾಲಿಟ್ಟು ಹೋಗಿ, ಒಂದು ಸುಳ್ಳು ಹೇಳಿ, ಅದು ಉಕ್ಕುವುದರೊಳಗೆ ವಾಪಸು ಬರಬಹುದಿತ್ತು. ಕಲ್ಲಿನ ಆಚೆಬದಿಗೆ ಒಂದು ಹೊಂಗೆಮರ, ಅದರ ಸುತ್ತ ಕಟ್ಟೆ. ಆಚೆಕಟ್ಟೆ ಎಂದು ಅದರ ಹೆಸರು. ಮೂರು ತಲೆಮಾರಿನವರು ಕೂತು ಕೂತು ಅದರ ಚಪ್ಪಡಿ ಕನ್ನಡಿಯಷ್ಟು ನುಣುಪಾಗಿತ್ತು.

ನಾನು ಬ್ಲೌಸು ಹೊಲಿಯುವವಳು. ‘ನಾಳೆ ಕೊಡ್ತೀನಿ’ ಎನ್ನುವ ಮಾತಿಲ್ಲದೆ ಈ ಕಸುಬಿನಲ್ಲಿ ಬದುಕುವುದು ಎಷ್ಟು ಕಷ್ಟವೆಂದು ಹೊಲಿಯದವರಿಗೆ ಗೊತ್ತಾಗದು. ‘ಇನ್ನೂ ಬಟ್ಟೆ ಕತ್ತರಿಸೇ ಇಲ್ಲ ಕಣವ್ವ, ಮುಂದಿನ ವಾರವೂ ಅನುಮಾನ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಹೇಳಿ ಅರ್ಧ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ಉಳಿದ ಅರ್ಧ ಬುದ್ಧಿವಂತರು. ‘ಚೆನ್ನಾಜಕ್ಕ, ಬಾ ಕಟ್ಟೆಗೆ ಹೋಗಿಬರಾಣ. ಅಲ್ಲಿ ನಾಳೆ ಅಂತ ಹೇಳು, ಒಸಿ ಸಮಾಧಾನ ಆಗ್ತದೆ’ ಅನ್ನುತ್ತಿದ್ದರು. ಹೋಗುತ್ತಿದ್ದೆವು. ನಾನು ಹೇಳುತ್ತಿದ್ದೆ, ಅವರು ನಂಬಿದವರ ಹಾಗೆ ತಲೆಯಾಡಿಸುತ್ತಿದ್ದರು. ಇಬ್ಬರಿಗೂ ಹಗುರವಾಗುತ್ತಿತ್ತು.

ಸಾವಾದ ಮನೆಯವರನ್ನು ಕಟ್ಟೆಗೆ ಕರೆದುಕೊಂಡು ಹೋಗಿ ‘ಸಂಕಟವಿಲ್ಲದೆ ಹೋದ್ರು ಬಿಡಿ’ ಎನ್ನುತ್ತಿದ್ದೆವು. ಹೊಸ ಸೊಸೆ ಮಾಡಿದ ಸಾರನ್ನು ತಂಬಿಗೆಯಲ್ಲಿ ಹೊತ್ತುಕೊಂಡು ಹೋಗಿ ಅಲ್ಲಿ ಕುಡಿದು ಹೊಗಳುತ್ತಿದ್ದೆವು. ನಮ್ಮೂರ ಯುವಕ ಸಂಘದವರು ನಾಟಕ ಆಡುತ್ತಿದ್ದದ್ದೂ ಅಲ್ಲೇ. ಊರೊಳಗೆ ನಿಂತು ‘ನಾನು ಚಕ್ರವರ್ತಿ’ ಅಂದರೆ ನಾಲಗೆ ಬಿಡಬೇಕಲ್ಲ! ಊರೊಳಗೆ ಮಾತ್ರ ನಾವು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವವರಲ್ಲ. ಕೇಳುವುದೆಂದರೆ ಮರ್ಯಾದಸ್ಥರ ಮೈಮೇಲಿನ ಬಟ್ಟೆ ಎಳೆದ ಹಾಗೆ. ಊಟ ಆಯ್ತಾ ಅನ್ನಬಹುದು, ಊಟ ಹೇಗಿತ್ತು ಅನ್ನುವಂತಿಲ್ಲ. ಯಾರಾದರೂ ಮರೆತು ಕೇಳಿಬಿಟ್ಟರೆ ಸುಮ್ಮನಿದ್ದುಬಿಡುವುದು ನಮ್ಮೂರಲ್ಲಿ ಮೂರು ವರ್ಷದ ಮಕ್ಕಳಿಗೂ ಗೊತ್ತು.

ಇನ್ನೊಂದು ಪದ್ಧತಿಯಿತ್ತು. ಮದುವೆಗೆ ಮುಂಚೆ ಹೆಣ್ಣಿನ ಒಪ್ಪಿಗೆ ಕೇಳಲೇಬೇಕು, ಕೇಳದ ಮದುವೆಗೆ ಊರಿನವರು ಊಟಕ್ಕೂ ಹೋಗುವುದಿಲ್ಲ. ಆದರೆ ಕೇಳುವುದು ಆಚೆಕಟ್ಟೆಯ ಮೇಲೆ. ಎರಡೂ ಕಡೆಯವರು ಕೂತು, ಹುಡುಗಿಯನ್ನು ನಡುವೆ ನಿಲ್ಲಿಸಿ, ‘ಒಪ್ಪಿಗೆ ಏನವ್ವ?’ ಅಂತ ಹುಡುಗನೇ ಕೇಳಬೇಕು. ಅವಳು ‘ಒಪ್ಪಿಗೆ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ನಮ್ಮ ಊರಿನಲ್ಲಿ ಯಾವ ಹೆಣ್ಣಿಗೂ ಈವರೆಗೆ ಬಲವಂತ ಮಾಡಿಲ್ಲ ಎಂದು ನಾವು ಎದೆತಟ್ಟಿ ಹೇಳುತ್ತಿದ್ದೆವು. ಅದನ್ನೂ ಕಟ್ಟೆಯ ಮೇಲೆ ನಿಂತೇ ಹೇಳುತ್ತಿದ್ದೆವು.

ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿ ನಿಂತು ನಾನೂ ‘ಒಪ್ಪಿಗೆ’ ಅಂದೆ. ಕೇಳಿದವರು ನಮ್ಮ ಯಜಮಾನರು ಓಬಳೇಶಪ್ಪ, ಪಂಚಾಯ್ತಿಯ ನೀರುಗಂಟಿ. ಬೆಳಗಾದರೆ ವಾಲ್ವು ತಿರುಗಿಸಿ ಬೀದಿಬೀದಿಗೆ ನೀರು ಬಿಡುವ ಕೆಲಸ. ಮೈಯೆಲ್ಲ ಬ್ಲೀಚಿಂಗ್ ಪೌಡರಿನ ವಾಸನೆ. ಅವರ ಮೇಲೆ ನನಗೆ ಕೋಪವಿರಲಿಲ್ಲ, ಬೇರೆ ಯಾರ ಮೇಲೂ ಮನಸ್ಸಿರಲಿಲ್ಲ. ನನಗೆ ಆಗ ಮದುವೆ ಬೇಡವಾಗಿತ್ತು, ಅಷ್ಟೇ. ಬೇಡ ಎನ್ನುವುದಕ್ಕೆ ಹಿಂದೆ ಏನೋ ದೊಡ್ಡ ಕತೆ ಇರಬೇಕೆಂದು ಜನ ಹುಡುಕುತ್ತಾರೆ, ನನ್ನ ಹತ್ತಿರ ಅಂಥ ಕತೆ ಏನೂ ಇರಲಿಲ್ಲ. ಆಮೇಲೆ ಇಪ್ಪತ್ತೆರಡು ವರ್ಷ ಅವರು ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಊರಿನವರ ಎಲ್ಲ ವಿಷಯವನ್ನೂ ಕೆದಕುವ ನಾನು ನನ್ನ ಮನೆಯ ಈ ಒಂದು ವಿಷಯದ ಹತ್ತಿರ ಹೋಗಲಿಲ್ಲ. ಹೆದರಿಕೆ, ಇನ್ನೇನು.

ಪಂಚಾಯ್ತಿ ಸೇರಿಸುವುದಕ್ಕೆಂದು ಬಂದ ವಿಶೇಷಾಧಿಕಾರಿಗಳು ಶಾಲೆಯ ಬಯಲಿನಲ್ಲಿ ಸಭೆ ಕರೆದು ಗೋಡೆಯಗಲದ ನಕ್ಷೆ ತೂಗುಹಾಕಿದರು. ಹನ್ನೊಂದು ಬಣ್ಣ ಇದ್ದದ್ದು ಇನ್ನು ಮೇಲೆ ಒಂದೇ ಬಣ್ಣ ಎಂದರು. ಹನ್ನೊಂದು ಕಾರ್ಯದರ್ಶಿಗಳ ಬದಲು ಒಬ್ಬರು, ಒಂದು ಆಂಬುಲೆನ್ಸು, ದೊಡ್ಡ ಕಚೇರಿ, ಕೂರುವುದಕ್ಕೆ ಬೆಂಚು, ಕುಡಿಯುವುದಕ್ಕೆ ತಣ್ಣೀರು. ಎಲ್ಲ ನಿಮ್ಮ ಒಳ್ಳೆಯದಕ್ಕೇ ಎಂದರು. ಪರಊರಿನವರು, ನಮ್ಮ ಗಡಿಯೊಳಗೆ ಅವರ ನಾಲಗೆಗೆ ಯಾವ ಅಡ್ಡಿಯೂ ಇಲ್ಲ, ಹಾಗಾಗಿ ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಲೇ ನಾನು ಎದ್ದು ನಿಂತು ಆ ಪ್ರಶ್ನೆ ಕೇಳಿದ್ದು. ಸಾಹೇಬರಿಗೆ ತಲೆಬುಡ ಅರ್ಥವಾಗಲಿಲ್ಲ.

‘ನೋಡಿ ತಾಯಿ, ನಿಮ್ಮ ಊರಿನ ಹೆಸರೇನೂ ಹೋಗುವುದಿಲ್ಲ’ ಎಂದರು, ಪಾಪ, ಸಮಾಧಾನ ಮಾಡುವವರ ಹಾಗೆ.

‘ಹೆಸರು ಕಟ್ಕೊಂಡು ಏನ್ಮಾಡಾಣ ಸ್ವಾಮಿ? ಕಲ್ಲು ಎಲ್ಲಿಗೆ ಹೋಗ್ತದೆ, ಅದು ಹೇಳಿ.’

ಕೋಲು ಹಿಡಿದು ನಕ್ಷೆಯ ಮೂಲೆ ತೋರಿಸಿದರು. ಹೊಳೆಯ ಸೇತುವೆ. ಹತ್ತಿರದ ಗಡಿ ಎಂದರೆ ಅದೇ, ಹತ್ತೊಂಬತ್ತು ಮೈಲಿ. ಹಿಂದಿನ ಸಾಲಿನಲ್ಲಿ ನಮ್ಮ ಯಜಮಾನರು ಎದ್ದು ‘ವಾಲ್ವು ಯಾರು ತಿರುಗಿಸ್ತಾರೆ?’ ಎಂದರು. ಸಾಹೇಬರು ಅದಕ್ಕೂ ಒಂದು ವಿಭಾಗ ಬರುತ್ತದೆ ಎಂದರು. ಜನರಿಗೆ ಮಾದರಿಯಾಗಲಿ ಎಂದು ತಾವೂ ಹೊಸ ಕಚೇರಿಯ ಊರಿನಲ್ಲಿ ಮನೆ ಮಾಡಿ ಹೊಸ ಪಂಚಾಯ್ತಿಯ ಪಟ್ಟಿಯಲ್ಲಿ ಹೆಸರು ಬರೆಸಿರುವುದಾಗಿ ಹೇಳಿ ಜೀಪು ಹತ್ತಿದರು.

ಎಲ್ಲರೂ ಗೋಳಾಡಿದರು ಅಂದುಕೊಳ್ಳಬೇಡಿ. ಪಕ್ಕದ ಊರಿಗೂ ನಮಗೂ ಕೆರೆಯ ತೂಬು ಒಡೆದವರು ಯಾರು ಎಂದು ಮೂವತ್ತು ವರ್ಷದ ಜಗಳ. ಅವರು ನಮ್ಮ ಊರಿಗೆ ಬಂದು ‘ನಾವಲ್ಲ’ ಅನ್ನುತ್ತಿದ್ದರು, ನಾವು ಅವರ ಊರಿಗೆ ಹೋಗಿ ‘ನಾವಲ್ಲ’ ಅನ್ನುತ್ತಿದ್ದೆವು. ಇನ್ನು ಮೇಲೆ ಅವರೂ ಊರಿನವರೇ, ನಿಜ ಹೊರಗೆ ಬರುತ್ತದೆ ಎಂದು ಕೆಲವರು ಕೈ ಉಜ್ಜಿಕೊಂಡರು. ಬಂತು ಕೂಡ. ಅರ್ಧ ಅವರು ಒಡೆದಿದ್ದರಂತೆ, ಉಳಿದರ್ಧ ನಾವು. ನನಗಂತೂ ಒಳಗೊಳಗೇ ಕುತೂಹಲ ತಡೆಯುತ್ತಿರಲಿಲ್ಲ. ನಮ್ಮ ಊರಿಗೆ ಬಳೆ ಹೊತ್ತು ತರುವವಳು ಪಕ್ಕದ ಊರಿನವಳು. ‘ನಿನ್ನ ಕೈಗೆ ಅಂತಲೇ ಮಾಡಿದ ಬಳೆ ಕಣಕ್ಕ’ ಎಂದು ಹದಿನೈದು ವರ್ಷದಿಂದ ಹೇಳುತ್ತಿದ್ದಳು. ಇನ್ನು ಏನು ಹೇಳುತ್ತಾಳೋ ನೋಡಬೇಕಿತ್ತು.

ಆದೇಶ ಜಾರಿಗೆ ಬರುವ ದಿನ ಗೊತ್ತಾಯಿತು. ಮಧ್ಯಾಹ್ನ ಹನ್ನೆರಡು ಗಂಟೆಗೆ ಹೊಸ ಕಚೇರಿಯ ಉದ್ಘಾಟನೆ, ಅಲ್ಲಿಂದ ಗಡಿ ಬದಲು. ಅದರ ಹಿಂದಿನ ತಿಂಗಳು ಆಚೆಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ. ಮುಂದೆ ಸಿಗುವುದಿಲ್ಲವೆಂದು ಜನ ಹೇಳಬೇಕಾದದ್ದನ್ನೆಲ್ಲ ಒಟ್ಟಿಗೇ ಹೇಳಿ ಮುಗಿಸುತ್ತಿದ್ದರು. ಒಬ್ಬ ಮುದುಕಪ್ಪ ತನ್ನ ಮೂವರು ಸೊಸೆಯರನ್ನೂ ಒಬ್ಬೊಬ್ಬರಾಗಿ ಕರೆತಂದು ನೀನೇ ನನಗೆ ಹೆಚ್ಚು ಎಂದು ಹೇಳಿ ಕಳಿಸಿದ. ಮೂವರೂ ಮರದ ಕೆಳಗೆ ಸಾಲಾಗಿ ನಿಂತು ಸರದಿ ಕಾಯುತ್ತಿದ್ದರು, ಅದರಲ್ಲಿ ಯಾರಿಗೂ ಬೇಸರವಿದ್ದ ಹಾಗೆ ಕಾಣಲಿಲ್ಲ.

ನಮ್ಮ ಮಗಳು ಹೇಮಾವತಿಗೆ ಸಂಬಂಧ ಕೂಡಿಬಂದದ್ದು ಆ ತಿಂಗಳಲ್ಲೇ. ಹೇಮಿಗೆ ಇಪ್ಪತ್ತು, ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ತಂದವನು ಕೆಂಚಪ್ಪ. ಜೋಡಿ ಕೆಂಚಪ್ಪ ಎಂದೇ ಅವನಿಗೆ ಹೆಸರು, ನಮ್ಮ ಮದುವೆ ಕೂಡಿಸಿದವನೂ ಅವನೇ. ಹುಡುಗ ಪಾಲಾಕ್ಷ, ಆ ಹನ್ನೊಂದರೊಳಗಿನದೇ ಇನ್ನೊಂದು ಊರಿನವನು, ಹಿಟ್ಟಿನ ಗಿರಣಿ ನಡೆಸುತ್ತಾನೆ. ಮೈಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದರೂ ನೋಡಲು ಲಕ್ಷಣವಾಗಿದ್ದ, ಮಾತು ಮೆದು. ಒಲ್ಲೆ ಎನ್ನಲು ಏನೂ ಇರಲಿಲ್ಲ. ಹೇಮಿ ಮಾತ್ರ ಆ ಸುದ್ದಿ ಕೇಳಿದ ಮೇಲೆ ಮನೆಯಲ್ಲಿ ಹಾಡುವುದು ಬಿಟ್ಟಳು. ಅವಳನ್ನು ಕೇಳಬೇಕು ಎಂದು ಎಷ್ಟು ಸಲ ಬಾಯಿವರೆಗೆ ಬಂತೋ! ಕೇಳಿದರೆ ಹೇಳಿಬಿಡುತ್ತಾಳೆ. ಹೇಳಿದರೆ ನನಗೆ ಕೇಳಿಸಿಬಿಡುತ್ತದೆ. ಆಮೇಲೆ ನಾನು ಏನು ಮಾಡುವುದು? ಹೊಲಿಗೆಯ ಮಿಷನ್ನು ಜೋರಾಗಿ ತುಳಿಯುತ್ತ ಕೂತೆ.

ಒಪ್ಪಿಗೆ ಕೇಳುವುದನ್ನು ಕೆಂಚಪ್ಪ ಅದೇ ಕೊನೆಯ ದಿನಕ್ಕೆ ಇಟ್ಟುಕೊಂಡ, ಬೆಳಗ್ಗೆ ಹತ್ತಕ್ಕೆ. ‘ಹನ್ನೆರಡರ ಒಳಗೆ ಮುಗಿಸಿಬಿಡಾಣ. ಆಮೇಲೆ ಯಾರ್ ಹೋಗ್ತಾರೆ ಹತ್ತೊಂಬತ್ತು ಮೈಲಿ’ ಎಂದ. ನಾವು ಒಂಬತ್ತೂವರೆಗೇ ಕಟ್ಟೆಯ ಮೇಲೆ ಚಾಪೆ ಹಾಸಿ ಕೂತೆವು. ಹತ್ತಾಯಿತು, ಹನ್ನೊಂದಾಯಿತು, ಗಂಡಿನ ಕಡೆಯವರ ಸುಳಿವಿಲ್ಲ. ಅವರ ಊರಿಂದ ನಮ್ಮ ಊರಿಗೆ ಬರುವಾಗ ದಾರಿಯಲ್ಲಿ ಮೂರು ಪಂಚಾಯ್ತಿ ಗಡಿ, ಮೂರು ಕಟ್ಟೆ. ಇವತ್ತೇ ಕೊನೆ ಎಂದು, ಟ್ರ್ಯಾಕ್ಟರಿನಲ್ಲಿ ಹೊರಟಿದ್ದ ಅವರು ಮೂರೂ ಕಡೆ ಇಳಿದು, ಅತ್ತೆ ಸೊಸೆ, ಓರಗಿತ್ತಿಯರು, ಅಣ್ಣ ತಮ್ಮ ಎಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಹೇಳಿಕೊಂಡು ಬಂದರು. ಬಂದು ಇಳಿಯುವಾಗ ಗಂಟೆ ಹನ್ನೊಂದೂ ಐವತ್ತೆಂಟು.

‘ಬೇಗ ಬೇಗ’ ಎಂದು ಕೆಂಚಪ್ಪ ಎಲ್ಲರನ್ನೂ ಕೂರಿಸಿದ. ಆದರೆ ಅವನಿಗೆ ಮುನ್ನುಡಿ ಹೇಳದೆ ಕೆಲಸ ಶುರುಮಾಡಿ ಗೊತ್ತಿಲ್ಲ. ಎದ್ದು ನಿಂತ, ಗಂಟಲು ಸರಿಮಾಡಿಕೊಂಡ. ಹೊಸ ಕಚೇರಿಯಿಂದ ಎಲ್ಲ ಊರಿಗೂ ತಂತಿ ಎಳೆದು ಧ್ವನಿವರ್ಧಕ ಕಟ್ಟಿದ್ದರು, ನಮ್ಮ ಹೊಂಗೆಮರದ ಮೇಲೂ ಒಂದು. ಅದರಲ್ಲಿ ಸಾಹೇಬರ ಭಾಷಣ ಬರುತ್ತಿತ್ತು. ಕೆಳಗೆ ಕೆಂಚಪ್ಪ ‘ನಾನು ಈವರೆಗೆ ನೂರಾ ಹನ್ನೆರಡು ಜೋಡಿ ಕೂಡಿಸಿದೀನಿ, ಆ ಜೋಡಿಗಳೆಲ್ಲ ಸುಖವಾಗ್—’ ಎಂದ. ಮೇಲೆ ಸಾಹೇಬರು ‘ಇನ್ನು ಮುಂದೆ ನಿಮ್ಮ ಕೆಲಸಗಳೆಲ್ಲ ಒಂದೇ ದಿನದಲ್ಲಿ—’ ಎಂದರು. ಇಬ್ಬರೂ ಒಟ್ಟಿಗೇ ನಿಂತುಹೋದರು.

ಧ್ವನಿವರ್ಧಕದಲ್ಲಿ ಸ್ವಲ್ಪ ಹೊತ್ತು ಬರೀ ಗುಂಯ್ ಎಂಬ ಸದ್ದು. ಆಮೇಲೆ ಸಾಹೇಬರ ದನಿ ಮತ್ತೆ ಬಂತು, ಬೇರೆ ಯಾರದೋ ದನಿಯ ಹಾಗೆ ಸಣ್ಣಗೆ. ‘ಆಗುತ್ತವೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹುದ್ದೆಗಳನ್ನು ಕಡಿಮೆ ಮಾಡಬೇಕೆಂದು ಮೇಲಿನಿಂದ ಬರೆದು ಕಳಿಸಿದರು. ನಾನು ಈ ಹನ್ನೊಂದು ಊರುಗಳಲ್ಲಿ ನಾಲ್ಕನ್ನು ಮಾತ್ರ ನೋಡಿದ್ದೇನೆ.’ ಯಾರೋ ಮೈಕು ಕಿತ್ತುಕೊಂಡರು. ನಾನು ಬಿದ್ದು ಬಿದ್ದು ನಕ್ಕೆ. ನಿಜ ಹೇಳಬೇಕೆಂದರೆ ಆ ಮನುಷ್ಯ ಅವತ್ತೇ ನನಗೆ ಇಷ್ಟವಾದದ್ದು. ಕೆಂಚಪ್ಪ ಮಾತ್ರ ಬಾಯಿ ತೆರೆದುಕೊಂಡೇ ನಿಂತಿದ್ದ. ‘ಕೆಲವು ಸುಖವಾಗಿದ್ದಾವೆ’ ಎಂದು ಕೊನೆಗೂ ಹೇಳಿದ. ಹೇಳುವಾಗ ಅವನ ಕಣ್ಣು ನನ್ನ ಮೇಲೆ ಹಾದುಹೋಯಿತು. ನಾನು ಸೆರಗು ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ನಾನು ತಲೆ ತಗ್ಗಿಸಿದ್ದನ್ನು ಹೇಮಿ ನೋಡಿದಳು.

ಕಟ್ಟೆ ಈಗ ಗಡಿಯೊಳಗೆ. ಪಾಲಾಕ್ಷನ ತಾಯಿ ‘ಆದದ್ದಾಯ್ತು, ಇಲ್ಲೇ ಕೇಳ್ಬಿಡಿ’ ಅಂದರು. ಅಂದಮೇಲೆ ಅವರಿಗೇ ಗಾಬರಿಯಾಗಿ ಬಾಯಿಗೆ ಸೆರಗು ಮುಚ್ಚಿಕೊಂಡರು. ಗಡಿಯೊಳಗೆ ಹೆಣ್ಣಿನ ಒಪ್ಪಿಗೆ ಕೇಳುವುದನ್ನು ಯಾರಾದರೂ ಕಂಡದ್ದುಂಟೇ? ನಾನು ಯಜಮಾನರ ಮುಖ ನೋಡಿದೆ. ಇಲ್ಲೇ ಕೇಳೋಣ ಅನ್ನುತ್ತಾರೇನೋ ಅಂತ ಒಂದು ಗಳಿಗೆ ಆಸೆಪಟ್ಟೆ.

‘ಇಲ್ಲಿ ಬೇಡ, ಸೇತುವೆಗೇ ಹೋಗಾಣ’ ಎಂದರು ಅವರು.

ಬಸ್ಸಿಗೇನೂ ಕಾಯಬೇಕಾಗಲಿಲ್ಲ. ಖಾಸಗಿ ಬಸ್ಸಿನವರು ಬಲು ಚುರುಕು, ‘ಗಡಿ ಸ್ಪೆಷಲ್’ ಎಂದು ಬೋರ್ಡು ಬರೆಸಿಕೊಂಡು ಬೆಳಗ್ಗೆಯಿಂದಲೇ ಅಡ್ಡರಸ್ತೆಯಲ್ಲಿ ನಿಂತಿದ್ದರು. ‘ಬನ್ನಿ ಬನ್ನಿ, ಸೀಟು—’ ಎಂದು ಕಂಡಕ್ಟರ್ ಕೂಗಲು ಹೋದ, ನಾಲಗೆ ಹಿಡಿಯಿತು. ತಲೆ ಕೆರೆದುಕೊಂಡು ‘ನಿಂತ್ಕೊಂಡೇ ಬರ್ಬೇಕು, ಬ್ರೇಕೂ ಅಷ್ಟಕ್ಕಷ್ಟೆ’ ಎಂದ. ಆದರೂ ಹತ್ತಿದೆವು. ಯಾರೋ ಎದ್ದು ಹೇಮಿಗೂ ನನಗೂ ಕೂರಲು ಜಾಗ ಕೊಟ್ಟರು. ಯಜಮಾನರು ನಮ್ಮ ಸೀಟಿನ ಪಕ್ಕದಲ್ಲಿ ಕಂಬಿ ಹಿಡಿದು ನಿಂತರು, ಅವರ ಹಿಂದೆ ಕೆಂಚಪ್ಪ. ಗಂಡಿನ ಕಡೆಯವರೆಲ್ಲ ಮುಂದೆ.

ಮೂರು ಮೈಲಿ ಹೋಗಿರಬಹುದು. ಹೇಮಿ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು.

‘ಅವ್ವ, ಒಂದು ಮಾತು ಕೇಳ್ಲಾ?’

‘ಸೇತುವೆ ಬರಲಿ ತಾಳು’ ಎಂದೆ.

‘ಅಲ್ಲಿ ಕೇಳಿ ಏನು ಪ್ರಯೋಜನ? ಇಲ್ಲೇ ಹೇಳು. ಅಪ್ಪ ನಿನ್ನ ಕೇಳ್ದಾಗ ನೀನು ಒಪ್ಪಿಗೆ ಅಂದ್ಯಲ್ಲ, ನಿಂಗೆ ನಿಜವಾಗ್ಲೂ ಒಪ್ಪಿಗೆ ಇತ್ತಾ?’

ಮೆಲ್ಲಗೇ ಕೇಳಿದಳು. ಆದರೂ ಸುತ್ತಲಿನವರಿಗೆಲ್ಲ ಕೇಳಿಸಿತು, ಯಾಕೆಂದರೆ ಗಡಿಯೊಳಗೆ ಯಾರೋ ಪ್ರಶ್ನೆ ಕೇಳುತ್ತಿದ್ದಾರೆ ಎಂದು ಗೊತ್ತಾದೊಡನೆ ಬಸ್ಸಿನಲ್ಲಿ ಎಲ್ಲರ ಮಾತೂ ನಿಂತುಹೋಗಿತ್ತು. ‘ಹೌದು’ ಎನ್ನಲು ಹೋದೆ. ನಾಲಗೆ ಮೇಲಕ್ಕೆ ಹೋಗಿ ಅಂಟಿತು. ‘ನೆನಪಿಲ್ಲ’ ಎನ್ನಲು ನೋಡಿದೆ. ಅದೂ ಅಂಟಿತು. ‘ಗೊತ್ತಿಲ್ಲ’ ಎಂಬುದಾದರೂ ಬರುತ್ತದೆ ಅಂದುಕೊಂಡಿದ್ದೆ, ಹಾಳಾದ್ದು ಅದೂ ಬರಲಿಲ್ಲ. ಬಾಯಿ ತುಂಬ ಒಗರು. ಸುಮ್ಮನಿದ್ದುಬಿಡಬಹುದಿತ್ತು. ಕಿಟಕಿಯಾಚೆ ನೋಡುತ್ತ ಕೂತರೆ ಹದಿನಾರು ಮೈಲಿ ಕಳೆಯುವುದು ಏನು ಮಹಾ? ಆದರೆ ನನ್ನ ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಕೈ ನನ್ನ ಮೊಣಕೈ ಹಿಡಿದಿತ್ತು, ಚಿಕ್ಕವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದಷ್ಟು ಗಟ್ಟಿಯಾಗಿ.

‘ಇರ್ಲಿಲ್ಲ ಕಣೇ’ ಎಂದೆ. ‘ನಂಗೆ ಒಪ್ಪಿಗೆ ಇರ್ಲಿಲ್ಲ.’

ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಆಶ್ಚರ್ಯ. ಹೇಮಿ ನನ್ನ ಮೊಣಕೈ ಬಿಟ್ಟಳು. ಎದ್ದು ನಿಂತು ಮುಂದಕ್ಕೆ ನೋಡಿ, ಡೈರಿಯಲ್ಲಿ ಈ ಹಾಲಿಗೆ ನೀರು ಬೆರೆತಿದೆ ಎಂದು ಹೇಳುತ್ತಾಳಲ್ಲ, ಅದೇ ದನಿಯಲ್ಲಿ ‘ನಂಗೂ ಒಪ್ಪಿಗೆ ಇಲ್ಲ. ಬಸ್ ನಿಲ್ಸಿ’ ಎಂದಳು. ಡ್ರೈವರ್ ನಿಲ್ಲಿಸಿಯೇಬಿಟ್ಟ.

ಪಾಲಾಕ್ಷನ ತಾಯಿ ಬಾಯಿಗೆ ಬಂದದ್ದೆಲ್ಲ ಬೈದರು. ಬೈದದ್ದೆಲ್ಲ ನಾಲಗೆಗೆ ಅಂಟದೆ ಹೊರಗೆ ಬಂತು, ಅದನ್ನು ನೆನೆಸಿಕೊಂಡರೆ ಇವತ್ತಿಗೂ ಬೇಜಾರಾಗುತ್ತದೆ. ಪಾಲಾಕ್ಷ ಮಾತ್ರ ಎದ್ದು ಬಂದು ಹೇಮಿಯ ಮುಂದೆ ನಿಂತ. ‘ಏನಾರ ತಪ್ಪಾಗಿತ್ತಾ ನನ್ನಿಂದ?’ ಎಂದ. ‘ಇಲ್ಲ. ನಿಮ್ಮ ತಪ್ಪೇನೂ ಇಲ್ಲ. ನಂಗೆ ಬೇಡ, ಅಷ್ಟೆ’ ಎಂದಳು ಹೇಮಿ. ಅವನು ‘ನಂಗೆ ಒಪ್ಪಿಗೆ ಇತ್ತು’ ಎಂದ. ನಾಲಗೆ ತಡವರಿಸಲಿಲ್ಲ. ಆ ಹುಡುಗನನ್ನು ಯಾರೂ ಕೇಳಿರಲಿಲ್ಲ, ಗಂಡುಗಳನ್ನು ಕೇಳುವ ಪದ್ಧತಿಯೇ ಇಲ್ಲ.

ನಾವು ಮೂವರೂ ಇಳಿದೆವು. ಗಂಡಿನ ಕಡೆಯವರು ಇಳಿಯಲಿಲ್ಲ. ಹೆಂಗೂ ಬಸ್ಸು ಹತ್ತಿಯಾಗಿದೆ, ಸೇತುವೆಗೇ ಹೋಗಿಬರುತ್ತೇವೆ, ಈ ಸಂಬಂಧ ನಮಗೂ ಬೇಡವಾಗಿತ್ತು ಅಂತ ಅಲ್ಲಿ ನಿಂತು ಹೇಳಿಕೊಂಡರೆ ಹುಡುಗನಿಗೆ ಒಸಿ ಸಮಾಧಾನವಾಗುತ್ತದೆ ಎಂದರು ಆ ತಾಯಿ. ಕೆಂಚಪ್ಪನೂ ಅವರ ಜೊತೆ ಹೋದ. ಅವರಂದದ್ದರಲ್ಲಿ ತಪ್ಪೇನೂ ಇರಲಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ.

ಹೇಮಿ ತಲೆಗೆ ಸೆರಗು ಹೊದ್ದು ಊರ ಕಡೆ ಮುಂದೆ ಮುಂದೆ ನಡೆದಳು. ಬಿಸಿಲು ಸುಡುತ್ತಿತ್ತು. ಯಜಮಾನರು ನನ್ನಿಂದ ಎರಡು ಹೆಜ್ಜೆ ಹಿಂದೆ. ಬಸ್ಸಿನಲ್ಲಿ ನನ್ನ ಮಾತು ಕೇಳಿದ ಮೇಲೆ ಅವರು ತುಟಿ ಎರಡು ಮಾಡಿರಲಿಲ್ಲ. ಕೋಪವೋ, ಅವಮಾನವೋ, ಏನೂ ತಿಳಿಯದು. ಸ್ವಲ್ಪ ದೂರ ತಡೆದುಕೊಂಡೆ. ನನ್ನ ಕೈಲಿ ಎಷ್ಟು ದೂರ ತಡೆಯುವುದಕ್ಕಾಗುತ್ತದೆ? ನಿಂತು, ತಿರುಗಿ, ಕೇಳಿಯೇಬಿಟ್ಟೆ.

‘ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತು’ ಎಂದರು.

ಒಂದು ಕ್ಷಣವೂ ತಡೆಯಲಿಲ್ಲ. ಆ ಒಂದು ಮಾತು ಅವರ ಬಾಯಿಂದ ಅಷ್ಟು ಸಲೀಸಾಗಿ ಬಂತು.

‘ಕಲ್ಲು ದಾಟೋವಾಗ ನೀನು ನಿಂತ್ಬಿಟ್ಟೆ. ನಿಮ್ಮಪ್ಪ ಬೆನ್ನಿಗೆ ಕೈ ಕೊಟ್ಟು ದಾಟಿಸಿದ್ರು. ನಾನು ಕಟ್ಟೆ ಮೇಲಿಂದ ನೋಡ್ತಾನೇ ಇದ್ದೆ.’

‘ನೋಡಿ?’

‘ನೋಡಿ ಸುಮ್ಮನಾದೆ. ನಂಗೆ ನೀನು ಬೇಕಾಗಿದ್ದೆ.’

ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ! ಇವರಿಗೆ ಗೊತ್ತಾದರೆ ನೊಂದುಕೊಳ್ಳುತ್ತಾರೆ ಎಂದು ನಾನು ಬಾಯಿ ಕಟ್ಟಿಕೊಂಡು ಕೂತಿದ್ದರೆ, ಈ ಪುಣ್ಯಾತ್ಮ ಎಲ್ಲ ತಿಳಿದುಕೊಂಡು ದಿನಾ ಬೆಳಗ್ಗೆ ಕಾಫಿ ಕುಡಿದು ವಾಲ್ವು ತಿರುಗಿಸಲು ಹೋಗುತ್ತಿದ್ದರು. ‘ನೀವು ಮನುಷ್ಯರಾ? ಇವತ್ತು ಮಗಳನ್ನೂ ಹಂಗೇ ದಾಟಿಸೋಕೆ ಹೊರಟಿದ್ರಲ್ಲ!’ ಎಂದು ನಡುರಸ್ತೆಯಲ್ಲಿ ಕೂಗಾಡಿದೆ. ಅವರು ಒಂದಕ್ಕೂ ಎದುರಾಡಲಿಲ್ಲ. ‘ಹೂಂ, ಹೊರಟಿದ್ದೆ. ತಪ್ಪು’ ಎಂದರು. ಹೇಮಿ ದೂರದಲ್ಲಿ ನಿಂತು ಒಮ್ಮೆ ನೋಡಿ, ಇದು ತನ್ನ ವಿಷಯವಲ್ಲವೆಂದು ತಿಳಿದು ಮತ್ತೆ ನಡೆದಳು.

ನಾನು ಬೈದು ಬೈದು ಸುಸ್ತಾದ ಮೇಲೆ ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ಮದುವೆ ಗಂಡಿನ ಹಾಗೆ ನೆಟ್ಟಗೆ ನಿಂತರು. ನೆತ್ತಿಯ ಮೇಲೆ ಕೂದಲಿಲ್ಲ, ಕೈಯೆಲ್ಲ ಪೌಡರು ತಿಂದು ಬಿಳಿಚಿಕೊಂಡಿದೆ.

‘ಅವತ್ತು ಕಲ್ಲಿನ ಈಚೆಗೇ ಕೇಳ್ಬೇಕಿತ್ತು, ಕೇಳ್ಲಿಲ್ಲ. ಈಗ ಕೇಳ್ತೀನಿ. ಒಪ್ಪಿಗೆ ಏನು ಚೆನ್ನಾಜಿ?’

ಗಡಿಯೊಳಗೆ ನನ್ನನ್ನು ಯಾರೂ ಎಂದೂ ಅದನ್ನು ಕೇಳಿರಲಿಲ್ಲ. ನಾನು ಒಂದು ಚೂರೂ ಯೋಚನೆ ಮಾಡಲಿಲ್ಲ. ಕೋಪ ನೆತ್ತಿಗೇರಿತ್ತು, ಈ ಮನುಷ್ಯನಿಗೆ ಇವತ್ತು ಚುರುಕು ಮುಟ್ಟಿಸಲೇಬೇಕು ಎಂದು ‘ಇಲ್ಲ’ ಎನ್ನಲು ಬಾಯಿ ತೆರೆದೆ. ನಾಲಗೆ ಅಂಗುಳಕ್ಕೆ ಹೋಗಿ ಅಂಟಿಕೊಂಡಿತು.

ಅಯ್ಯೋ ನಿನ್ನ! ಬಿಡಿಸಿಕೊಂಡು, ಮುಖ ಆಚೆ ತಿರುಗಿಸಿ, ಇನ್ನೊಮ್ಮೆ ಪ್ರಯತ್ನಪಟ್ಟೆ. ಮತ್ತೆ ಅಂಟಿತು. ಬಾಯೆಲ್ಲ ಒಗರು. ಇದು ಯಾವಾಗ ಆಯಿತು? ಯಾವ ವರ್ಷ, ಯಾವ ತಿಂಗಳು? ನಾನು ಬೆಪ್ಪಾಗಿ ನಿಂತೆ. ಜಗತ್ತಿನ ಎಲ್ಲರ ಗುಟ್ಟನ್ನೂ ಕೆದಕುವವಳಿಗೆ ಈ ಸುದ್ದಿ ಮಾತ್ರ ಇಷ್ಟು ತಡವಾಗಿ ತಲುಪಿತ್ತು.

ನನ್ನ ನಾಲಗೆ ಸಿಕ್ಕಿಕೊಂಡದ್ದು ಅವರಿಗೂ ಕಂಡಿತು. ಸಿಕ್ಕಿಕೊಂಡ ಮಾತು ಯಾವುದು ಎಂಬುದು ಮಾತ್ರ ತಿಳಿಯಲಿಲ್ಲ. ಒಪ್ಪಿಗೆ ಅನ್ನಲು ಹೋಗಿ ಬಾರದೆ ನಿಂತಳೇ, ಒಲ್ಲೆ ಅನ್ನಲು ಹೋಗಿ ಬಾರದೆ ನಿಂತಳೇ? ಅವರ ಮುಖ ಸಣ್ಣಗಾಯಿತು. ನನ್ನ ಬಾಯನ್ನೇ ನೋಡುತ್ತ ನಿಂತರು. ಈ ಮನುಷ್ಯ ಇಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ನಾನು ಏನೂ ಹೇಳದೆ ನಡೆಯತೊಡಗಿದೆ. ಅವರು ಹಿಂದೆಯೇ ಬಂದರು, ಒಂದೊಂದು ಹೆಜ್ಜೆಗೂ ನನ್ನ ಮುಖ ನೋಡುತ್ತ. ಕಾಯಲಿ ಎಂದುಕೊಂಡೆ. ಒಂದು ಮೈಲಿ ಪೂರ್ತಿ ಕಾಯಿಸಿದೆ. ಆಮೇಲೆ ಹೇಳಿದೆ.